ಮಂಡಿ ಎಷ್ಟು ಮಡಚುತ್ತದೆ, ಪರಿಹಾರ ಎಷ್ಟು ಸಿಗುತ್ತದೆ: ಅಮೆರಿಕದ ಮಾಜಿ ಸೈನಿಕರ ಮೇಲ್ಮನವಿ ವ್ಯವಸ್ಥೆ

ಅಮೆರಿಕದ ಸೇನೆಯಿಂದ ಬಿಡುಗಡೆಯಾಗಿ ಮನೆಗೆ ಮರಳುವವರಲ್ಲಿ ಮಂಡಿಯ ತೊಂದರೆ ಬಹಳ ಸಾಮಾನ್ಯ. ಭಾರದ ಚೀಲ ಹೊತ್ತು ಮೈಲಿಗಟ್ಟಲೆ ನಡೆಯುವುದು, ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿ ನೆಲಕ್ಕೆ ಅಪ್ಪಳಿಸುವುದು, ಹಡಗಿನ ಕಡಿದಾದ ಏಣಿಗಳನ್ನು ದಿನವಿಡೀ ಹತ್ತಿಳಿಯುವುದು, ಕಾಂಕ್ರೀಟ್ ನೆಲದ ಮೇಲೆ ಮಂಡಿಯೂರಿ ವಾಹನ ದುರಸ್ತಿ ಮಾಡುವುದು, ಇವೆಲ್ಲ ಇಪ್ಪತ್ತರ ಹರೆಯದಲ್ಲಿ ಸಹಿಸಿಕೊಳ್ಳುವಂತೆ ಕಂಡರೂ ನಲವತ್ತು ದಾಟುವ ಹೊತ್ತಿಗೆ ಕೀಲಿನಲ್ಲಿ ಲೆಕ್ಕ ಕೇಳುತ್ತವೆ. ಸೇವೆಯ ಕಾರಣದಿಂದ ಹುಟ್ಟಿದ ಅಥವಾ ಉಲ್ಬಣಗೊಂಡ ಇಂಥ ತೊಂದರೆಗೆ ಅಲ್ಲಿನ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ, ಅಂದರೆ ಎಲ್ಲರೂ ‘ವಿಎ’ ಎಂದು ಕರೆಯುವ ಸಂಸ್ಥೆ, ತಿಂಗಳು ತಿಂಗಳು ತೆರಿಗೆಯಿಲ್ಲದ ಪರಿಹಾರ ಕೊಡುತ್ತದೆ. ಮಂಡಿಯ ತೊಂದರೆ ಸೇವೆಯಿಂದಲೇ ಬಂದದ್ದು ಎಂದು ಇಲಾಖೆ ಒಪ್ಪಿಕೊಂಡ ಮೇಲೂ ಬಹಳಷ್ಟು ಜನರ ಜಗಳ ಮುಗಿಯುವುದಿಲ್ಲ, ಏಕೆಂದರೆ ಆ ತೊಂದರೆಯಿಂದಾದ ವೈಕಲ್ಯ ಶೇಕಡಾ ಎಷ್ಟು ಎಂಬ ಪ್ರಶ್ನೆ ಉಳಿದಿರುತ್ತದೆ.

ಈ ಲೇಖನ ಆ ಶೇಕಡಾವಾರು ರೇಟಿಂಗಿನ ವಿರುದ್ಧದ ಮೇಲ್ಮನವಿಯನ್ನು ಕುರಿತದ್ದು. ಮಂಡಿಯ ರೇಟಿಂಗ್ ಬಹುಮಟ್ಟಿಗೆ ಒಂದು ದಿನ, ಒಂದು ಕೋಣೆಯಲ್ಲಿ, ಒಂದು ಕೋನಮಾಪಕದಿಂದ ತೆಗೆದ ಅಳತೆಯ ಮೇಲೆ ನಿಂತಿರುತ್ತದೆ. ಆದರೆ ಕಾನೂನು ಕೇಳುವುದು ಆ ಒಂದು ದಿನದ ಅಳತೆಯನ್ನಷ್ಟೇ ಅಲ್ಲ. ಆದ್ದರಿಂದ ‘ನನಗೆ ತುಂಬ ನೋವಿದೆ’ ಎಂದು ಮತ್ತೆ ಮತ್ತೆ ಹೇಳುವ ಮೇಲ್ಮನವಿಗಿಂತ, ಪರೀಕ್ಷೆಯಲ್ಲಿ ಏನನ್ನು ಅಳೆಯಲಿಲ್ಲ, ಯಾವ ಪ್ರಶ್ನೆಯನ್ನು ಕೇಳಲಿಲ್ಲ, ಯಾವ ನಿಯಮವನ್ನು ಅನ್ವಯಿಸಲಿಲ್ಲ ಎಂದು ಬೆರಳಿಟ್ಟು ತೋರಿಸುವ ಮೇಲ್ಮನವಿ ಗೆಲ್ಲುವ ಸಾಧ್ಯತೆ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾರತೀಯ ಸೇನೆಯ ಪದ್ಧತಿಯನ್ನು ಬಲ್ಲ ಓದುಗರು, ಕೊಡಗಿನಂತಹ ಜಿಲ್ಲೆಗಳಲ್ಲಿ ಅಂಥವರು ಕಡಿಮೆಯಿಲ್ಲ, ಮೊದಲಿಗೇ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ಬಿಡುಗಡೆಯ ಹೊತ್ತಿಗೆ ಮೆಡಿಕಲ್ ಬೋರ್ಡ್ ವೈಕಲ್ಯದ ಪ್ರಮಾಣವನ್ನು ನಿರ್ಧರಿಸುತ್ತದೆ, ಪಿಂಚಣಿಗೆ ಸಾಮಾನ್ಯವಾಗಿ ಶೇ. 20ರ ಕನಿಷ್ಠ ಮಿತಿಯಿದೆ, ಮತ್ತು ಆ ಪ್ರಮಾಣವನ್ನು 50, 75 ಅಥವಾ 100ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯದ ವ್ಯಾಪ್ತಿಯನ್ನು ಸುಪ್ರೀಂ ಕೋರ್ಟ್ 2014ರ ರಾಮ್ ಅವತಾರ್ ಪ್ರಕರಣದಲ್ಲಿ ವಿಸ್ತರಿಸಿತು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸೇವೆ ಬಿಟ್ಟು ಎಷ್ಟೇ ವರ್ಷವಾದರೂ ಅರ್ಜಿ ಹಾಕಬಹುದು, ರೇಟಿಂಗ್ ಸೊನ್ನೆಯಿಂದ 100ರವರೆಗೆ ಹತ್ತತ್ತರ ಮೆಟ್ಟಿಲಲ್ಲಿ ಏರುತ್ತದೆ, ಶೇ. 10ಕ್ಕೂ ಹಣ ಸಿಗುತ್ತದೆ, ಮತ್ತು ಕಾಯಿಲೆ ಹೆಚ್ಚಾದಂತೆ ಮತ್ತೆ ಕೇಳಬಹುದು. 2025ರ ದರದಂತೆ ಒಂಟಿ ಮಾಜಿ ಸೈನಿಕರಿಗೆ ತಿಂಗಳಿಗೆ ಶೇ. 10ಕ್ಕೆ 175.51 ಡಾಲರ್, ಶೇ. 20ಕ್ಕೆ 346.95 ಡಾಲರ್, ಶೇ. 40ಕ್ಕೆ 774.16 ಡಾಲರ್, ಶೇ. 100ಕ್ಕೆ 3,831.30 ಡಾಲರ್ ಇತ್ತು. ಮೆಟ್ಟಿಲು ಮೇಲೇರಿದಂತೆ ಅಂತರ ದೊಡ್ಡದಾಗುತ್ತ ಹೋಗುವುದರಿಂದ ಹತ್ತು ಶೇಕಡಾದ ವಾದವೂ ಜೀವಮಾನದ ಲೆಕ್ಕದಲ್ಲಿ ಸಣ್ಣದಲ್ಲ.

ಮಂಡಿಯನ್ನು ಅಳೆಯುವ ನಿಯಮಗಳು ಅಮೆರಿಕದ ಕೇಂದ್ರ ನಿಯಮಾವಳಿಯ 38ನೇ ಶೀರ್ಷಿಕೆಯ 4ನೇ ಭಾಗದಲ್ಲಿವೆ. ಅಲ್ಲಿ ಪ್ರತಿಯೊಂದು ತೊಂದರೆಗೂ ನಾಲ್ಕಂಕಿಯ ಸಂಕೇತ ಸಂಖ್ಯೆಯಿದೆ, ಮಂಡಿಗೆ ಸಂಬಂಧಿಸಿದವು ಮುಖ್ಯವಾಗಿ 5256ರಿಂದ 5263ರವರೆಗಿನವು. ಆರೋಗ್ಯವಂತ ಮಂಡಿ ಸೊನ್ನೆ ಡಿಗ್ರಿಯಿಂದ, ಅಂದರೆ ಕಾಲು ನೇರವಾಗಿ ನೀಡಿದ ಸ್ಥಿತಿಯಿಂದ, 140 ಡಿಗ್ರಿಯವರೆಗೆ ಮಡಚುತ್ತದೆ ಎಂದು ನಿಯಮ ಹೇಳುತ್ತದೆ. ಮಡಚುವುದಕ್ಕೆ ಅಡ್ಡಿಯಾದರೆ 5260ರ ಪಟ್ಟಿ ಅನ್ವಯವಾಗುತ್ತದೆ: ಮಡಚುವಿಕೆ 45 ಡಿಗ್ರಿಗೆ ನಿಂತರೆ ಶೇ. 10, 30 ಡಿಗ್ರಿಗೆ ನಿಂತರೆ ಶೇ. 20, 15 ಡಿಗ್ರಿಗೆ ನಿಂತರೆ ಶೇ. 30. 60 ಡಿಗ್ರಿಗೆ ನಿಂತವರಿಗೆ ಈ ಪಟ್ಟಿಯಲ್ಲಿ ಸಿಗುವುದು ಸೊನ್ನೆ. ಕಾಲನ್ನು ಪೂರ್ತಿ ನೀಡಲು ಆಗದವರಿಗೆ 5261ರ ಪಟ್ಟಿಯಿದೆ: ಹತ್ತು ಡಿಗ್ರಿ ಕೊರತೆಗೆ ಶೇ. 10, ಹದಿನೈದಕ್ಕೆ ಶೇ. 20, ಇಪ್ಪತ್ತಕ್ಕೆ ಶೇ. 30, ಮೂವತ್ತಕ್ಕೆ ಶೇ. 40, ನಲವತ್ತೈದಕ್ಕೆ ಶೇ. 50.

ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ನೋಡಿದರೆ, ಅಷ್ಟೊಂದು ಜನರಿಗೆ ಮಂಡಿಗೆ ಶೇ. 10 ಮಾತ್ರ ಏಕೆ ಸಿಗುತ್ತದೆ ಎಂಬುದು ಅರ್ಥವಾಗುತ್ತದೆ. ಕುರ್ಚಿಯ ಮೇಲೆ ಸರಿಯಾಗಿ ಕುಳಿತರೆ ಮಂಡಿ ಸುಮಾರು 90 ಡಿಗ್ರಿ ಮಡಚಿರುತ್ತದೆ. ಕುರ್ಚಿಯಲ್ಲಿ ಕೂರಬಲ್ಲ ಯಾರಿಗೂ 5260ರ ಪಟ್ಟಿಯಂತೆ ಏನೂ ಸಿಗಬಾರದು. ಆದರೂ ಶೇ. 10 ಸಿಗುವುದು 4.59ನೆಯ ನಿಯಮದಿಂದ. ಸೇವೆಯಲ್ಲಿ ಪೆಟ್ಟಾದ ಕೀಲು ಚಲಿಸುವಾಗ ನೋವಾದರೆ, ಅಳತೆ ಎಷ್ಟೇ ಇರಲಿ, ಆ ಕೀಲಿಗೆ ಪರಿಹಾರ ಸಿಗುವ ಕನಿಷ್ಠ ರೇಟಿಂಗ್ ಕೊಡಬೇಕೆಂಬುದು ಅದರ ಆಶಯ. ಹೀಗಾಗಿ ಇಲಾಖೆಯ ಶೇ. 10 ಅನೇಕ ಸಲ ನೋವನ್ನು ಒಪ್ಪಿಕೊಂಡು ಕೊಟ್ಟ ತಳಮಟ್ಟದ ಅಂಕಿ. ಅದಕ್ಕಿಂತ ಮೇಲೆ ಹೋಗಬೇಕಾದರೆ ನೋವು ಇದೆ ಎಂದರೆ ಸಾಲದು, ಆ ನೋವು ಚಲನೆಯನ್ನು ಎಲ್ಲಿಗೆ ನಿಲ್ಲಿಸುತ್ತದೆ ಎಂದು ಡಿಗ್ರಿಯ ಲೆಕ್ಕದಲ್ಲಿ ತೋರಿಸಬೇಕು.

ಚಲನೆಯ ಮಿತಿಯಷ್ಟೇ ಮಂಡಿಯ ತೊಂದರೆಯಲ್ಲ. ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಎಂಬ ಪಟ್ಟಿ ಹರಿದು ಕಾಲು ಇದ್ದಕ್ಕಿದ್ದಂತೆ ಕುಸಿದುಬೀಳುವ ಅಸ್ಥಿರತೆಗೆ 5257 ಎಂಬ ಬೇರೆಯೇ ಸಂಕೇತವಿದೆ. ಹಿಂದೆ ಅಲ್ಲಿ ಅಲ್ಪ, ಮಧ್ಯಮ, ತೀವ್ರ ಎಂಬ ಮೂರು ಹಂತಗಳಿಗೆ ಶೇ. 10, 20, 30 ಕೊಡುತ್ತಿದ್ದರು. ಯಾವುದು ಅಲ್ಪ, ಯಾವುದು ಮಧ್ಯಮ ಎಂಬುದು ನಿರ್ಧರಿಸುವವರ ಮನಸ್ಸಿಗೆ ಬಿಟ್ಟ ಮಾತಾಗಿತ್ತು. 2021ರ ಫೆಬ್ರುವರಿ 7ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಬದಲಿಸಿತು. ಈಗ ನೋಡುವುದು ಲಿಗಮೆಂಟ್ ಪೂರ್ತಿ ಹರಿದಿದೆಯೇ ಅಥವಾ ಭಾಗಶಃ ಹರಿದಿದೆಯೇ, ಶಸ್ತ್ರಚಿಕಿತ್ಸೆಯಿಂದ ಸರಿಯಾಗಿದೆಯೇ, ಮತ್ತು ನಡೆಯುವುದಕ್ಕಾಗಿ ವೈದ್ಯರು ಬ್ರೇಸ್ (ಮಂಡಿಗೆ ಕಟ್ಟುವ ಆಧಾರಪಟ್ಟಿ) ಅಥವಾ ಊರುಗೋಲನ್ನು ಬರೆದುಕೊಟ್ಟಿದ್ದಾರೆಯೇ ಎಂಬುದನ್ನು. ನಿರಂತರ ಅಸ್ಥಿರತೆಯಿದ್ದರೂ ವೈದ್ಯರ ಚೀಟಿಯಿಲ್ಲದಿದ್ದರೆ ಶೇ. 10. ಉಳುಕಿಗೆ, ಭಾಗಶಃ ಹರಿದ ಅಥವಾ ಪೂರ್ತಿ ಹರಿದು ರಿಪೇರಿಯಾದ ಲಿಗಮೆಂಟಿಗೆ ವೈದ್ಯರು ಬ್ರೇಸ್ ಇಲ್ಲವೇ ಕೋಲು ಬರೆದುಕೊಟ್ಟಿದ್ದರೆ ಶೇ. 20. ಪೂರ್ತಿ ಹರಿದು ರಿಪೇರಿಯಾಗದ ಅಥವಾ ರಿಪೇರಿ ವಿಫಲವಾದ ಲಿಗಮೆಂಟಿಗೆ ಎರಡರಲ್ಲಿ ಒಂದನ್ನು ಬರೆದಿದ್ದರೂ ಶೇ. 20, ಎರಡನ್ನೂ ಬರೆದಿದ್ದರೆ ಶೇ. 30. ಮೆಡಿಕಲ್ ಶಾಪಿನಲ್ಲಿ ತಾವೇ ದುಡ್ಡು ಕೊಟ್ಟು ಕೊಂಡ ಬ್ರೇಸನ್ನು ವರ್ಷಗಟ್ಟಲೆ ಕಟ್ಟಿಕೊಂಡು ಓಡಾಡಿದವರು ಈ ನಿಯಮದ ಮುಂದೆ ಬ್ರೇಸ್ ಇಲ್ಲದವರಿಗೆ ಸಮ. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ, ಏಕೆಂದರೆ ಕಾಲು ಕುಸಿಯುವುದು ಚೀಟಿಯನ್ನು ನೋಡಿಕೊಂಡಲ್ಲ. ಆದರೆ ನಿಯಮ ಹಾಗಿರುವಾಗ, ಅಗತ್ಯವಿರುವವರು ತಮ್ಮ ವೈದ್ಯರನ್ನು ಕಂಡು ಅದನ್ನು ಚಿಕಿತ್ಸಾ ದಾಖಲೆಯಲ್ಲಿ ಬರೆಸಿಕೊಳ್ಳುವುದೇ ಮೊದಲ ಕೆಲಸ.

ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಗಾದಿ ಜಾರಿ, ಮಂಡಿ ಆಗಾಗ ಸಿಕ್ಕಿಹಾಕಿಕೊಂಡು, ನೋವಿನೊಂದಿಗೆ ನೀರು ತುಂಬಿಕೊಳ್ಳುತ್ತಿದ್ದರೆ 5258ರ ಅಡಿ ಶೇ. 20 ಇದೆ, ಅದನ್ನು ತೆಗೆದುಹಾಕಿದ ಮೇಲೂ ಲಕ್ಷಣಗಳು ಉಳಿದಿದ್ದರೆ 5259ರ ಅಡಿ ಶೇ. 10. ಮಂಡಿ ಕೀಲು ಬದಲಿ ಶಸ್ತ್ರಚಿಕಿತ್ಸೆಯಾದವರಿಗೆ 5055ರಂತೆ ನಾಲ್ಕು ತಿಂಗಳು ಶೇ. 100, ಆಮೇಲೆ ಕನಿಷ್ಠ ಶೇ. 30, ತೀವ್ರ ನೋವು ಅಥವಾ ಬಲಹೀನತೆ ಉಳಿದರೆ ಶೇ. 60. ಕೀಲು ಒಂದೇ ಕೋನದಲ್ಲಿ ಬಿಗಿದುಕೊಂಡವರಿಗೆ 5256ರಂತೆ ಶೇ. 30ರಿಂದ 60.

ಮೇಲ್ಮನವಿಯಲ್ಲಿ ಬಹಳ ಜನ ಕಳೆದುಕೊಳ್ಳುವ ಅವಕಾಶ ಇಲ್ಲಿದೆ. ಒಂದು ಮಂಡಿಗೆ ಒಂದೇ ರೇಟಿಂಗ್ ಎಂಬ ನಿಯಮವೇನೂ ಇಲ್ಲ. ಒಂದೇ ಲಕ್ಷಣಕ್ಕೆ ಎರಡು ಸಲ ಪರಿಹಾರ ಕೊಡಬಾರದು ಎಂದು 4.14ನೆಯ ನಿಯಮ ಹೇಳುತ್ತದೆಯೇ ಹೊರತು, ಬೇರೆ ಬೇರೆ ಲಕ್ಷಣಗಳಿಗೆ ಬೇರೆ ಬೇರೆ ರೇಟಿಂಗ್ ಕೊಡುವುದನ್ನು ತಡೆಯುವುದಿಲ್ಲ. ಸಂಧಿವಾತದಿಂದ ಚಲನೆ ಕುಗ್ಗಿದ್ದಕ್ಕೆ ಒಂದು, ಅಸ್ಥಿರತೆಗೆ ಇನ್ನೊಂದು ರೇಟಿಂಗ್ ಕೊಡಬಹುದೆಂದು ಇಲಾಖೆಯ ಪ್ರಧಾನ ಕಾನೂನು ಸಲಹೆಗಾರರು 1997ರಲ್ಲೇ ಹೇಳಿದರು. ಮಡಚುವ ಮತ್ತು ನೀಡುವ ಮಿತಿಗಳೆರಡಕ್ಕೂ ಪ್ರತ್ಯೇಕ ರೇಟಿಂಗ್ ಸಾಧ್ಯವೆಂದು 2004ರ ಅಭಿಪ್ರಾಯ ಹೇಳಿತು. ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ 2017ರ ಲೈಲ್ಸ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಅಸ್ಥಿರತೆಗೋ ಚಲನೆಯ ಮಿತಿಗೋ ರೇಟಿಂಗ್ ಇದೆ ಎಂಬ ಒಂದೇ ಕಾರಣಕ್ಕೆ ಮೆನಿಸ್ಕಸ್ಸಿನ ರೇಟಿಂಗನ್ನು ನಿರಾಕರಿಸುವಂತಿಲ್ಲ, ಆ ಲಕ್ಷಣಕ್ಕೆ ಈಗಾಗಲೇ ಪರಿಹಾರ ಸಿಕ್ಕಿದೆಯೇ ಎಂದು ನೋಡಬೇಕು ಎಂದು ತೀರ್ಪಿತ್ತಿತು. ಮೇಲಿನ ಮಿತಿಯೂ ಒಂದಿದೆ: ಒಂದು ಮಂಡಿಯ ಎಲ್ಲ ರೇಟಿಂಗ್‌ಗಳು ಸೇರಿ, ಆ ಮಟ್ಟದಲ್ಲಿ ಕಾಲನ್ನೇ ಕತ್ತರಿಸಿದ್ದರೆ ಸಿಗುವ ಶೇ. 60ನ್ನು ಮೀರುವಂತಿಲ್ಲ.

ಈಗ ಪರೀಕ್ಷೆಯ ಕೋಣೆಗೆ ಬರೋಣ. ಪರಿಹಾರ ನಿರ್ಧಾರಕ್ಕಾಗಿ ಇಲಾಖೆ ನಡೆಸುವ ವೈದ್ಯಕೀಯ ಪರೀಕ್ಷೆಯನ್ನು ಅಲ್ಲಿನವರು ‘ಸಿ ಅಂಡ್ ಪಿ’ ಎನ್ನುತ್ತಾರೆ. ಪರೀಕ್ಷಕರು ಗೋನಿಯೋಮೀಟರ್ ಹಿಡಿದು ಕೋನ ಅಳೆದು, ನಿಗದಿತ ನಮೂನೆಯೊಂದರಲ್ಲಿ ಗುರುತು ಹಾಕುತ್ತಾರೆ. ಮಾತ್ರೆ ನುಂಗಿ, ಕಾರಿನಲ್ಲಿ ಬಂದು, ಬೆಳಿಗ್ಗೆ ಹತ್ತು ಗಂಟೆಗೆ ಮಂಚದ ಮೇಲೆ ಮಲಗಿ ಅಳೆಸಿಕೊಂಡ ಮಂಡಿ, ಸಂಜೆ ಎಂಟು ಗಂಟೆಗೆ ಮೆಟ್ಟಿಲು ಹತ್ತಲಾರದೆ ನಿಂತ ಮಂಡಿಯಂತೆ ಇರುವುದಿಲ್ಲ. ಈ ಅಂತರವನ್ನು ತುಂಬಲು ನ್ಯಾಯಾಲಯಗಳು ಎರಡು ದಶಕಗಳಿಗೂ ಹೆಚ್ಚು ಕಾಲ ಒಂದೊಂದೇ ಕಲ್ಲಿಟ್ಟು ಕಟ್ಟಿವೆ. 1995ರ ಡೆಲೂಕಾ ತೀರ್ಪು, ಚಲನೆಯ ಪಟ್ಟಿಯನ್ನು ಅನ್ವಯಿಸುವಾಗ ನೋವು, ಬಲಹೀನತೆ, ಬೇಗ ದಣಿಯುವುದು, ಹಿಡಿತ ತಪ್ಪುವುದು ಇವುಗಳಿಂದಾಗುವ ಹೆಚ್ಚುವರಿ ನಷ್ಟವನ್ನೂ, ನೋವು ಉಲ್ಬಣಿಸಿದ ದಿನಗಳ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಸಾಧ್ಯವಾದಷ್ಟು ಅದನ್ನು ಡಿಗ್ರಿಗಳಲ್ಲಿ ಹೇಳಬೇಕು ಎಂದಿತು. 2011ರ ಮಿಚೆಲ್ ತೀರ್ಪು ಇದಕ್ಕೆ ಒಂದು ಗಡಿ ಹಾಕಿತು: ಚಲನೆಯುದ್ದಕ್ಕೂ ನೋವಿದ್ದರೂ ಆ ನೋವು ಕೀಲಿನ ಸಹಜ ಕೆಲಸಕ್ಕೆ ಅಡ್ಡಿಯಾಗದಿದ್ದರೆ ಅದಷ್ಟರಿಂದಲೇ ಹೆಚ್ಚಿನ ರೇಟಿಂಗ್ ಬರುವುದಿಲ್ಲ. ಮೇಲ್ಮನವಿ ಬರೆಯುವವರು ತಮಗೆ ಹಿತವಾದ ಡೆಲೂಕಾವನ್ನಷ್ಟೇ ಓದಿ ಮಿಚೆಲ್‌ನ್ನು ಬಿಟ್ಟರೆ ವಾದ ಅರ್ಧಕ್ಕೇ ನಿಲ್ಲುತ್ತದೆ.

2016ರ ಕೊರೀಯಾ ತೀರ್ಪು ಪರೀಕ್ಷೆಯ ವಿಧಾನಕ್ಕೇ ಕೈ ಹಾಕಿತು. ರೋಗಿ ತಾನಾಗಿ ಚಲಿಸಿದಾಗ ಮತ್ತು ಪರೀಕ್ಷಕರು ಚಲಿಸಿದಾಗ, ಭಾರ ಹೊತ್ತಾಗ ಮತ್ತು ಹೊರದಿದ್ದಾಗ, ಸಾಧ್ಯವಿದ್ದರೆ ಎದುರು ಬದಿಯ ಆರೋಗ್ಯವಂತ ಕೀಲಿನೊಂದಿಗೆ ಹೋಲಿಸಿ ನೋವನ್ನು ಪರೀಕ್ಷಿಸಬೇಕು, ಆಗದಿದ್ದರೆ ಏಕೆ ಆಗಲಿಲ್ಲವೆಂದು ಬರೆಯಬೇಕು. 2017ರ ಶಾರ್ಪ್ ತೀರ್ಪು ನನ್ನ ದೃಷ್ಟಿಯಲ್ಲಿ ಮಂಡಿಯ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ‘ರೋಗಿ ನೋವು ಉಲ್ಬಣಿಸಿದ ಸ್ಥಿತಿಯಲ್ಲಿ ಬಂದಿಲ್ಲ, ಆದ್ದರಿಂದ ಊಹೆ ಮಾಡದೆ ಏನೂ ಹೇಳಲಾಗದು’ ಎಂಬ ವಾಕ್ಯ ಎಷ್ಟೋ ವರದಿಗಳಲ್ಲಿ ಅಚ್ಚು ಹಾಕಿದಂತೆ ಬರುತ್ತಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಉಲ್ಬಣ ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವುದರಿಂದ ಬರುತ್ತದೆ, ಆಗ ಏನು ಮಾಡಲಾಗುವುದಿಲ್ಲ ಎಂದು ರೋಗಿಯನ್ನೇ ಕೇಳಿ, ಕಡತದಲ್ಲಿರುವ ಇತರ ಮಾಹಿತಿಯನ್ನೂ ನೋಡಿ, ಆ ದಿನಗಳ ನಷ್ಟವನ್ನು ಪರೀಕ್ಷಕರು ಅಂದಾಜು ಮಾಡಬೇಕು. ಅಂದಾಜು ಸಾಧ್ಯವಿಲ್ಲವೆನ್ನುವುದಾದರೆ ಅದಕ್ಕೆ ವೈದ್ಯಕೀಯ ಜ್ಞಾನದ ಮಿತಿ ಕಾರಣವಾಗಿರಬೇಕು, ಆ ಪರೀಕ್ಷಕರ ವೈಯಕ್ತಿಕ ಮಿತಿಯಲ್ಲ.

ಇಷ್ಟು ತಿಳಿದ ಮೇಲೆ ನಿರ್ಧಾರದ ಪತ್ರವನ್ನು ಓದುವ ಬಗೆ ಬದಲಾಗುತ್ತದೆ. ಪತ್ರದಲ್ಲಿ ಇಲಾಖೆ ಒಪ್ಪಿಕೊಂಡ ಅನುಕೂಲಕರ ಅಂಶಗಳು, ನೋಡಿದ ಸಾಕ್ಷ್ಯಗಳು, ಮುಂದಿನ ಹೆಚ್ಚಿನ ರೇಟಿಂಗಿಗೆ ಏನು ಬೇಕಿತ್ತು ಎಂಬ ವಿವರ ಇರಲೇಬೇಕು. ಅನುಕೂಲಕರವೆಂದು ಒಮ್ಮೆ ದಾಖಲಾದ ಅಂಶ ಮುಂದಿನ ಹಂತದ ನಿರ್ಧಾರಕರನ್ನೂ ಕಟ್ಟಿಹಾಕುತ್ತದೆ, ಅದನ್ನು ಅಲ್ಲಗಳೆಯಲು ಬಲವಾದ, ಸ್ಪಷ್ಟವಾದ ಸಾಕ್ಷ್ಯ ಬೇಕಾಗುತ್ತದೆ. ಪತ್ರ ಮಾತ್ರ ಸಾಲದು, ಪರೀಕ್ಷೆಯ ವರದಿಯ ಪ್ರತಿಯನ್ನೂ ಕಡತದಿಂದ ಕೇಳಿ ಪಡೆಯಬೇಕು. ಆ ವರದಿಯನ್ನು ಕೈಗೆತ್ತಿಕೊಳ್ಳದೆ ಮೇಲ್ಮನವಿ ಹಾಕಬಾರದೆಂದೇ ನಾನು ಹೇಳುತ್ತೇನೆ, ಏಕೆಂದರೆ ದೋಷ ಇರುವುದು ಬಹುತೇಕ ಅಲ್ಲೇ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಬ್ಬ ಮಾಜಿ ಸೈನಿಕನ ಬಲ ಮಂಡಿ ಪರೀಕ್ಷೆಯ ದಿನ 105 ಡಿಗ್ರಿ ಮಡಚಿತು, ಪೂರ್ತಿ ನೀಡಲೂ ಆಯಿತು, ನೋವಿತ್ತು. ಇಲಾಖೆ ಶೇ. 10 ಕೊಟ್ಟಿತು. ಆದರೆ ತಿಂಗಳಲ್ಲಿ ಕೆಲವು ದಿನ ಮಂಡಿ ಊದಿಕೊಂಡು 30 ಡಿಗ್ರಿಗಿಂತ ಹೆಚ್ಚು ಮಡಚಲಾಗುವುದಿಲ್ಲವೆಂದು ಅವನು ಹೇಳಿದ್ದನ್ನು ವರದಿ ದಾಖಲಿಸಿಯೂ, ಉಲ್ಬಣದ ಅಂದಾಜನ್ನು ನಿರಾಕರಿಸಿದೆ. ಲಿಗಮೆಂಟ್ ಭಾಗಶಃ ಹರಿದದ್ದು ಎಂಆರ್‌ಐಯಲ್ಲಿದೆ, ಕಾಲು ಕುಸಿಯುತ್ತದೆ, ಮೂಳೆ ವೈದ್ಯರು ಬ್ರೇಸ್ ಬರೆದುಕೊಟ್ಟಿದ್ದಾರೆ. ಮೆನಿಸ್ಕಸ್ ಕತ್ತರಿಸಿದ ಶಸ್ತ್ರಚಿಕಿತ್ಸೆಯ ನಂತರವೂ ಮಂಡಿ ಕಟಕಟ ಎಂದು ಸಿಕ್ಕಿಕೊಳ್ಳುತ್ತದೆ. ಇಲ್ಲಿ ಉಲ್ಬಣದ ದಿನಗಳ ಮಡಚುವಿಕೆಗೆ ಶೇ. 20, ಅಸ್ಥಿರತೆಗೆ ಶೇ. 20, ಮೆನಿಸ್ಕಸ್ಸಿನ ಉಳಿದ ಲಕ್ಷಣಕ್ಕೆ ಶೇ. 10 ಕೇಳುವುದಕ್ಕೆ ಆಧಾರವಿದೆ. ಎಲ್ಲವೂ ಸಿಕ್ಕರೆ ಒಟ್ಟು ಶೇ. 50 ಆಗುವುದಿಲ್ಲ, ಇಲಾಖೆಯ ಕೂಡುವ ಪದ್ಧತಿಯೇ ಬೇರೆ. ನೂರರಲ್ಲಿ ಮೊದಲ 20 ಕಳೆದರೆ ಉಳಿಯುವ 80ರಲ್ಲಿ ಶೇ. 20 ಎಂದರೆ 16, ಒಟ್ಟು 36. ಉಳಿದ 64ರಲ್ಲಿ ಶೇ. 10 ಸೇರಿಸಿದರೆ 42 ಚಿಲ್ಲರೆ. ಹತ್ತಿರದ ಹತ್ತಕ್ಕೆ ಇಳಿಸಿದರೆ ಶೇ. 40. ಆದರೂ ಹತ್ತಕ್ಕೂ ನಲವತ್ತಕ್ಕೂ ಇರುವ ಅಂತರ 2025ರ ದರದಲ್ಲಿ ತಿಂಗಳಿಗೆ ಸುಮಾರು 600 ಡಾಲರ್.

ಮೇಲ್ಮನವಿಯ ದಾರಿಗಳು ಮೂರು. 2017ರಲ್ಲಿ ಅಂಗೀಕಾರವಾಗಿ 2019ರ ಫೆಬ್ರುವರಿ 19ರಿಂದ ಜಾರಿಗೆ ಬಂದ ಮೇಲ್ಮನವಿ ಸುಧಾರಣಾ ಕಾಯ್ದೆ ಇವನ್ನು ರೂಪಿಸಿತು. ಮೊದಲನೆಯದು ಪೂರಕ ಅರ್ಜಿ, ನಮೂನೆ 20-0995. ಇದಕ್ಕೆ ಹೊಸದಾದ ಮತ್ತು ವಿಷಯಕ್ಕೆ ಸಂಬಂಧಿಸಿದ ಸಾಕ್ಷ್ಯ ಬೇಕು, ಮತ್ತು ಸಾಕ್ಷ್ಯ ಕಲೆಹಾಕಲು ನೆರವಾಗುವ ಕರ್ತವ್ಯ ಇಲಾಖೆಯ ಮೇಲಿರುತ್ತದೆ. ಎರಡನೆಯದು ಉನ್ನತ ಮಟ್ಟದ ಮರುಪರಿಶೀಲನೆ, ನಮೂನೆ 20-0996. ಇದರಲ್ಲಿ ಹೊಸ ಸಾಕ್ಷ್ಯ ಕೊಡುವಂತಿಲ್ಲ, ಹೆಚ್ಚು ಅನುಭವವುಳ್ಳ ಬೇರೊಬ್ಬ ಅಧಿಕಾರಿ ಅದೇ ಕಡತವನ್ನು ಹೊಸದಾಗಿ ನೋಡುತ್ತಾರೆ, ಬಯಸಿದರೆ ಫೋನಿನಲ್ಲಿ ಅವರಿಗೆ ದೋಷಗಳನ್ನು ವಿವರಿಸಬಹುದು. ಮೂರನೆಯದು ವಾಷಿಂಗ್ಟನ್ನಿನಲ್ಲಿರುವ ಮಾಜಿ ಸೈನಿಕರ ಮೇಲ್ಮನವಿ ಮಂಡಳಿಯ ನ್ಯಾಯಾಧೀಶರ ಮುಂದೆ ಹೋಗುವುದು, ನಮೂನೆ 10182. ಅಲ್ಲಿಯೂ ಮೂರು ಸಾಲುಗಳಿವೆ: ಇದ್ದ ಕಡತದ ಮೇಲೆಯೇ ತೀರ್ಮಾನ, 90 ದಿನಗಳೊಳಗೆ ಹೊಸ ಸಾಕ್ಷ್ಯ ಸೇರಿಸುವ ಅವಕಾಶ, ಅಥವಾ ನ್ಯಾಯಾಧೀಶರ ಮುಂದೆ ಹೇಳಿಕೆ. ವಿಚಾರಣೆಯ ಸಾಲು ಉದ್ದವಾಗಿರುತ್ತದೆ, 75 ವರ್ಷ ತುಂಬಿದವರು, ಗಂಭೀರ ಕಾಯಿಲೆಯವರು, ತೀವ್ರ ಹಣಕಾಸಿನ ಸಂಕಷ್ಟದಲ್ಲಿರುವವರು ಮುಂದೆ ಬಿಡುವಂತೆ ಕೇಳಬಹುದು.

ಯಾವ ದಾರಿ ಎಂಬುದನ್ನು ಕೊರತೆ ಎಲ್ಲಿದೆ ಎಂಬುದೇ ನಿರ್ಧರಿಸಬೇಕು. ಸಾಕ್ಷ್ಯವೆಲ್ಲ ಕಡತದಲ್ಲೇ ಇದ್ದು ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದರೆ, ಉದಾಹರಣೆಗೆ ಬ್ರೇಸಿನ ಚೀಟಿ ಇದ್ದರೂ ಅಸ್ಥಿರತೆಗೆ ಶೇ. 10 ಮಾತ್ರ ಕೊಟ್ಟಿದ್ದರೆ, ಮರುಪರಿಶೀಲನೆ ಸರಿಯಾದ ದಾರಿ. ಪರೀಕ್ಷೆಯೇ ಅಪೂರ್ಣವಾಗಿದ್ದರೂ ಅದೇ ದಾರಿ ಹಿಡಿಯಬಹುದು, ಏಕೆಂದರೆ ಸಾಕಷ್ಟಿಲ್ಲದ ಪರೀಕ್ಷೆ ಇಲಾಖೆಯ ನೆರವಿನ ಕರ್ತವ್ಯದ ಲೋಪ. ಆದರೆ ಅಲ್ಲಿ ಗೆದ್ದರೆ ಕೂಡಲೇ ಸಿಗುವುದು ಹೆಚ್ಚಿನ ರೇಟಿಂಗ್ ಅಲ್ಲ, ಮತ್ತೊಂದು ಪರೀಕ್ಷೆ ಎಂಬುದನ್ನು ನೆನಪಿಡಬೇಕು. ತಮ್ಮದೇ ಮೂಳೆ ವೈದ್ಯರಿಂದ ಉಲ್ಬಣದ ದಿನಗಳ ಅಂದಾಜನ್ನು ಡಿಗ್ರಿಗಳಲ್ಲಿ ಬರೆಸಿಕೊಂಡು ಬರಬಲ್ಲವರಿಗೆ ಪೂರಕ ಅರ್ಜಿಯೇ ನೇರ. ಕಾನೂನಿನ ವ್ಯಾಖ್ಯಾನವೇ ವಿವಾದವಾಗಿದ್ದರೆ ಮಂಡಳಿಗೆ ಹೋಗುವುದು ಯೋಗ್ಯ. ಕೋಪದಲ್ಲಿ ಮೊದಲು ಕಂಡ ನಮೂನೆಯನ್ನು ತುಂಬಿ ಕಳಿಸುವವರು ಬಹಳ, ಮತ್ತು ವಿಷಯ ಸರಿಯಿದ್ದೂ ದಾರಿ ತಪ್ಪಿದ್ದರಿಂದ ಅವರ ತಿಂಗಳುಗಳು ವ್ಯರ್ಥವಾಗುತ್ತವೆ.

ಗಡುವು ಒಂದು ವರ್ಷ, ನಿರ್ಧಾರದ ಪತ್ರದ ದಿನಾಂಕದಿಂದ. ಈ ಒಂದು ವರ್ಷದ ಬೆಲೆ ಹಣದಲ್ಲಿ ಕಾಣುತ್ತದೆ. ಪ್ರತಿ ನಿರ್ಧಾರದ ನಂತರವೂ ವರ್ಷದೊಳಗೆ ಯಾವುದಾದರೊಂದು ದಾರಿಯಲ್ಲಿ ಮುಂದುವರಿದರೆ ಮೂಲ ಅರ್ಜಿಯ ದಿನಾಂಕ ಜೀವಂತವಾಗಿರುತ್ತದೆ, ಮೂರು ವರ್ಷದ ಮೇಲೆ ಗೆದ್ದರೂ ಬಾಕಿ ಹಣ ಆ ದಿನದಿಂದಲೇ ಬರಬಹುದು. ವರ್ಷ ದಾಟಿದ ಮೇಲೂ ಪೂರಕ ಅರ್ಜಿ ಹಾಕಲು ಅಡ್ಡಿಯಿಲ್ಲ, ಆದರೆ ಹಳೆಯ ದಿನಾಂಕ ಕೈತಪ್ಪುತ್ತದೆ. ಮರುಪರಿಶೀಲನೆಯ ಮೇಲೆ ಮತ್ತೊಂದು ಮರುಪರಿಶೀಲನೆ ಕೇಳುವಂತಿಲ್ಲ, ಮಂಡಳಿಯ ತೀರ್ಪಿನ ನಂತರವೂ ಅದು ಸಿಗುವುದಿಲ್ಲ. ಹಳೆಯ ನಿರ್ಧಾರದ ಸಮಯದಲ್ಲಿ ಅದು ಸರಿಯಾಗಿಯೇ ಇದ್ದು, ಆಮೇಲೆ ಮಂಡಿ ಹದಗೆಟ್ಟಿದ್ದರೆ, ಮೇಲ್ಮನವಿಯ ಬದಲು ರೇಟಿಂಗ್ ಹೆಚ್ಚಳಕ್ಕೆ ಹೊಸ ಅರ್ಜಿ ಹಾಕಬೇಕು. ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ಹದಗೆಟ್ಟದ್ದು ದಾಖಲೆಗಳಲ್ಲಿ ಕಂಡರೆ ಆ ದಿನದಿಂದ ಹಣ ಕೊಡಬಹುದು.

ಮಂಡಳಿಯಲ್ಲೂ ಸೋತವರಿಗೆ 120 ದಿನಗಳೊಳಗೆ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ. 1988ರ ಕಾಯ್ದೆಯಿಂದ ಹುಟ್ಟಿದ ಈ ನ್ಯಾಯಾಲಯ ಹೊಸ ಸಾಕ್ಷ್ಯ ಸ್ವೀಕರಿಸುವುದಿಲ್ಲ. ಮಂಡಳಿ ಕಾರಣಗಳನ್ನು ಸರಿಯಾಗಿ ಕೊಟ್ಟಿದೆಯೇ, ಕಾನೂನನ್ನು ಸರಿಯಾಗಿ ಅನ್ವಯಿಸಿದೆಯೇ ಎಂದು ನೋಡಿ, ಇಲ್ಲವಾದರೆ ಪ್ರಕರಣವನ್ನು ವಾಪಸು ಕಳಿಸುತ್ತದೆ. ಮೇಲೆ ಹೇಳಿದ ಡೆಲೂಕಾ, ಕೊರೀಯಾ, ಶಾರ್ಪ್, ಲೈಲ್ಸ್ ಎಲ್ಲವೂ ಹೀಗೆ ಹೋದ ಪ್ರಕರಣಗಳೇ.

ಸಾಕ್ಷ್ಯದ ಬಗ್ಗೆ ಒಂದು ಮಾತು. ವೈದ್ಯರ ಬರಹಕ್ಕಷ್ಟೇ ಬೆಲೆ ಎಂದು ಭಾವಿಸಿ ತಮ್ಮ ಮಾತನ್ನು ಬರೆಯದೆ ಬಿಡುವವರಿದ್ದಾರೆ. ಕಣ್ಣಿಗೆ ಕಾಣುವ, ಮೈಗೆ ಅನುಭವಕ್ಕೆ ಬರುವ ಲಕ್ಷಣಗಳನ್ನು ಹೇಳಲು ಸಾಮಾನ್ಯ ಮನುಷ್ಯರೇ ಅರ್ಹರು ಎಂಬುದು ಅಲ್ಲಿನ ಕಾನೂನು. ಹೆಂಡತಿಯೋ ಸಹೋದ್ಯೋಗಿಯೋ ಬರೆದುಕೊಡುವ ಹೇಳಿಕೆಯಲ್ಲಿ ‘ತುಂಬ ಕಷ್ಟಪಡುತ್ತಾನೆ’ ಎಂಬ ವಾಕ್ಯಕ್ಕಿಂತ, ಕಳೆದ ತಿಂಗಳು ಎಷ್ಟು ಸಲ ಮಂಡಿ ಊದಿತು, ಎಷ್ಟು ದಿನ ಇತ್ತು, ಆಗ ಶೌಚಾಲಯದಲ್ಲಿ ಕೂತು ಏಳಲು ಯಾರ ಕೈ ಬೇಕಾಯಿತು, ಮೆಟ್ಟಿಲಲ್ಲಿ ಎಲ್ಲಿ ಕಾಲು ಕುಸಿಯಿತು ಎಂಬ ವಿವರಕ್ಕೆ ತೂಕ ಹೆಚ್ಚು. ಪರೀಕ್ಷೆಯ ದಿನ ಮಂಡಿ ನೋವಿನ ಮಟ್ಟವನ್ನು ದಾಟಿ ಬಲವಂತವಾಗಿ ಮಡಚಬಾರದು, ನೋವು ಶುರುವಾದಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕು. ಸಹಿಸಿಕೊಂಡು ಸುಮ್ಮನಿರುವುದು ಸೇನೆ ಕಲಿಸಿದ ಗುಣ, ಆದರೆ ಇಲ್ಲಿ ಆ ಮೌನವೇ ಅಳತೆಯಾಗಿ ಕಡತ ಸೇರುತ್ತದೆ. ಉತ್ಪ್ರೇಕ್ಷೆಯೂ ಅಷ್ಟೇ ಕೆಡುಕು: ಹೇಳಿಕೆಗೂ ಚಿಕಿತ್ಸಾ ದಾಖಲೆಗೂ ತಾಳೆಯಾಗದಿದ್ದರೆ ಪೂರ್ತಿ ಕಡತದ ಮೇಲಿನ ನಂಬಿಕೆ ಹೋಗುತ್ತದೆ. ಪರ ಮತ್ತು ವಿರುದ್ಧದ ಸಾಕ್ಷ್ಯಗಳು ಹೆಚ್ಚುಕಡಿಮೆ ಸಮನಾಗಿದ್ದರೆ ಅನುಮಾನದ ಲಾಭ ಮಾಜಿ ಸೈನಿಕರಿಗೇ ಸಲ್ಲಬೇಕೆಂದು ಕಾಯ್ದೆ ಹೇಳುವುದರಿಂದ, ಪ್ರಾಮಾಣಿಕವಾದ ಸಾಕ್ಷ್ಯವೇ ಸಾಕಾಗುತ್ತದೆ.

ಒಂದು ಮಂಡಿಯ ತೊಂದರೆ ಒಂದೇ ಕಡೆ ನಿಲ್ಲುವುದೂ ಅಪರೂಪ. ಕುಂಟುತ್ತ ನಡೆದುದರಿಂದ ಇನ್ನೊಂದು ಮಂಡಿಯೋ ಸೊಂಟವೋ ಬೆನ್ನೋ ಹದಗೆಟ್ಟರೆ, ವೈದ್ಯರ ಅಭಿಪ್ರಾಯದ ಆಧಾರದ ಮೇಲೆ ಅದನ್ನು ಮೊದಲ ತೊಂದರೆಯಿಂದ ಹುಟ್ಟಿದ ತೊಂದರೆಯೆಂದು ಪ್ರತ್ಯೇಕವಾಗಿ ಕೇಳಬಹುದು. ಎರಡೂ ಕಾಲುಗಳಿಗೆ ರೇಟಿಂಗ್ ಬಂದಾಗ ಅವೆರಡನ್ನೂ ಕೂಡಿಸಿದ ಮೊತ್ತಕ್ಕೆ ಅದರ ಹತ್ತನೆಯ ಒಂದು ಭಾಗ ಸೇರಿಸುವ ನಿಯಮವಿದೆ. ಒಂದು ಕಾಲಿಗೆ ಶೇ. 30, ಇನ್ನೊಂದಕ್ಕೆ ಶೇ. 20 ಇದ್ದರೆ ಮೇಲೆ ಹೇಳಿದ ಪದ್ಧತಿಯಲ್ಲಿ ಕೂಡಿಸಿದಾಗ 44, ಅಂದರೆ ಶೇ. 40 ಆಗಬೇಕಿದ್ದದ್ದು, 4.4 ಸೇರಿ 48.4 ಆಗಿ ಶೇ. 50ಕ್ಕೆ ಏರುತ್ತದೆ. ಮಂಡಿಯಿಂದಾಗಿ ಸ್ಥಿರವಾದ ದುಡಿಮೆಯೇ ಅಸಾಧ್ಯವಾದವರು, ಒಂದೇ ತೊಂದರೆಗೆ ಶೇ. 60 ಇದ್ದರೆ ಅಥವಾ ಒಂದಕ್ಕೆ 40ರೊಡನೆ ಒಟ್ಟು 70 ಇದ್ದರೆ, ಶೇ. 100ರ ದರದ ಪರಿಹಾರ ಕೇಳಬಹುದು. ಈ ಲೆಕ್ಕಕ್ಕೆ ಎರಡೂ ಕಾಲುಗಳ ತೊಂದರೆಯನ್ನು ಒಂದೇ ತೊಂದರೆಯೆಂದು ಎಣಿಸುತ್ತಾರೆ.

ಮೇಲ್ಮನವಿ ಹಾಕಿದರೆ ಇರುವುದೂ ಹೋದೀತೇ ಎಂಬ ಭಯ ಸಹಜ. ಹೊಸ ಪರೀಕ್ಷೆಯಲ್ಲಿ ಸುಧಾರಣೆ ಕಂಡರೆ ರೇಟಿಂಗ್ ಇಳಿಸುವ ಪ್ರಸ್ತಾಪ ಬರಬಹುದು. ಆದರೆ ಈಗ ಸಿಗುತ್ತಿರುವ ಹಣ ಕಡಿಮೆಯಾಗುವುದಾದರೆ ಮೊದಲು ತಿಳಿಸಿ 60 ದಿನ ಉತ್ತರಿಸಲು, 30 ದಿನದೊಳಗೆ ವಿಚಾರಣೆ ಕೇಳಲು ಅವಕಾಶ ಕೊಡಬೇಕು. ಐದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ರೇಟಿಂಗನ್ನು ಒಂದೇ ಪರೀಕ್ಷೆಯ ಬಲದ ಮೇಲೆ ಸಾಮಾನ್ಯವಾಗಿ ಇಳಿಸುವಂತಿಲ್ಲ, ಇಪ್ಪತ್ತು ವರ್ಷ ನಿರಂತರವಾಗಿದ್ದ ರೇಟಿಂಗನ್ನು ವಂಚನೆ ಸಾಬೀತಾಗದ ಹೊರತು ಮುಟ್ಟುವಂತಿಲ್ಲ. ಹಾಗಾಗಿ ಭಯಕ್ಕಿಂತ ತಮ್ಮ ರೇಟಿಂಗಿಗೆ ಎಷ್ಟು ವರ್ಷವಾಯಿತೆಂಬ ಲೆಕ್ಕ ಮುಖ್ಯ.

ಸಹಾಯಕ್ಕೆ ಹಣ ಕೊಡಲೇಬೇಕೆಂದಿಲ್ಲ. ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್, ಅಮೆರಿಕನ್ ಲೀಜನ್, ವೆಟರನ್ಸ್ ಆಫ್ ಫಾರಿನ್ ವಾರ್ಸ್ ಮುಂತಾದ ಸಂಘಟನೆಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಉಚಿತವಾಗಿ ಕಡತ ನಡೆಸಿಕೊಡುತ್ತಾರೆ. ಮಾನ್ಯತೆಯುಳ್ಳ ವಕೀಲರು ಮೊದಲ ನಿರ್ಧಾರ ಬಂದ ಮೇಲೆ ಮಾತ್ರ ಶುಲ್ಕ ತೆಗೆದುಕೊಳ್ಳಬಹುದು, ಬಾಕಿ ಹಣದ ಶೇ. 20ರವರೆಗಿನ ಶುಲ್ಕವನ್ನು ನ್ಯಾಯೋಚಿತವೆಂದು ಎಣಿಸಲಾಗುತ್ತದೆ. ಮಾನ್ಯತೆಯೇ ಇಲ್ಲದೆ, ಮುಂದಿನ ಹಲವು ತಿಂಗಳ ಹೆಚ್ಚಳವನ್ನು ಶುಲ್ಕವಾಗಿ ಕೇಳುವ ಸಂಸ್ಥೆಗಳಿಂದ ದೂರವಿರಬೇಕು. ಯಾರು ಮಾನ್ಯತೆ ಪಡೆದವರೆಂಬುದನ್ನು ಇಲಾಖೆಯ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು.

ಅಮೆರಿಕದ ಸೇನೆಯಲ್ಲಿ ದುಡಿದು ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೆಲೆಸಿದವರಿಗೂ ಈ ಪರಿಹಾರದ ಹಕ್ಕು ಹಾಗೆಯೇ ಇರುತ್ತದೆ, ಸೇವಾ ಸಂಬಂಧಿತ ತೊಂದರೆಯ ಚಿಕಿತ್ಸೆಯ ವೆಚ್ಚಕ್ಕೆ ಇಲಾಖೆಯ ವಿದೇಶಿ ವೈದ್ಯಕೀಯ ಯೋಜನೆಯೂ ಇದೆ. ಅಂಥವರು ಇಲ್ಲಿನ ಮೂಳೆ ವೈದ್ಯರಿಂದ ವರದಿ ಬರೆಸುವಾಗ ‘ಮಂಡಿ ಸವೆದಿದೆ, ವಿಶ್ರಾಂತಿ ಬೇಕು’ ಎಂಬ ಎರಡು ಸಾಲಿಗೆ ತೃಪ್ತರಾಗದೆ, ಕೋನಮಾಪಕದಿಂದ ಅಳೆದ ಡಿಗ್ರಿ, ನೋವು ಶುರುವಾಗುವ ಡಿಗ್ರಿ, ಉಲ್ಬಣದ ದಿನಗಳ ಅಂದಾಜು ಡಿಗ್ರಿ, ಲಿಗಮೆಂಟಿನ ಸ್ಥಿತಿ, ಬರೆದುಕೊಟ್ಟ ಬ್ರೇಸ್ ಅಥವಾ ಕೋಲು, ಇವಿಷ್ಟನ್ನೂ ಇಂಗ್ಲಿಷಿನಲ್ಲಿ ಸಹಿ ಮತ್ತು ದಿನಾಂಕದೊಡನೆ ಕೇಳಿ ಬರೆಸಿಕೊಳ್ಳಬೇಕು, ಮತ್ತು ಅದು ನಿರ್ಧಾರದ ಪತ್ರದ ದಿನಾಂಕದಿಂದ ಒಂದು ವರ್ಷ ತುಂಬುವ ಮೊದಲೇ ಪೂರಕ ಅರ್ಜಿಯೊಡನೆ ಇಲಾಖೆಯನ್ನು ತಲುಪುವಂತೆ ನೋಡಿಕೊಳ್ಳಬೇಕು.